ಪರ್ಸಿಯಸ್ ಕೈಲಿರೋ ಕತ್ತಿ ಯಾರದ್ದು?

1/10

ಈ ಸಲದ ಸೀರೀಸ್ ಸ್ವಲ್ಪ ಉದ್ದ ಇದೆ, ಹತ್ತು ಪೋಸ್ಟ್. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ. ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಓದಿ ಸಿಕ್ಕಿಬಿದ್ರೆ ನನ್ನ ಹೆಸರು ಹೇಳ್ಬೇಡಿ.

ಸಿನಿಮಾ 'ಕ್ಲ್ಯಾಶ್ ಆಫ್ ದ ಟೈಟನ್ಸ್', 2010ರದ್ದು. ನಿರ್ದೇಶಕ ಲೂಯಿ ಲೆಟೆರಿಯೆ. 'ಅವತಾರ್' ಹೀರೋ ಸ್ಯಾಮ್ ವರ್ದಿಂಗ್ಟನ್ ಇದರಲ್ಲಿ ಪರ್ಸಿಯಸ್. ನಿಮ್ಮಲ್ಲಿ ಅರ್ಧ ಜನ ಇದನ್ನ ಟಿವಿಯಲ್ಲಿ ಹಿಂದಿ ಡಬ್ಬಿಂಗ್‌ನಲ್ಲಿ ನೋಡಿರ್ತೀರಿ. ದೊಡ್ಡ ಚೇಳುಗಳ ಜೊತೆ ಫೈಟ್, ತಲೆ ತುಂಬಾ ಹಾವಿರೋ ಮೆಡೂಸಾ, ಕೊನೆಗೆ ಸಮುದ್ರದಿಂದ ಎದ್ದು ಬರೋ ಕ್ರಾಕನ್. ಹೌದು, ಅದೇ.

ನಾನು ಮೊದಲ ಸಲ ನೋಡಿದಾಗ ನನಗೆ ಒಂಬತ್ತೋ ಹತ್ತೋ ವರ್ಷ. ಹಿಂದಿ ಒಂದಕ್ಷರ ಬರ್ತಿರಲಿಲ್ಲ. ಪಕ್ಕದಲ್ಲಿ ಅಕ್ಕ ಕೂತ್ಕೊಂಡು ಕನ್ನಡದಲ್ಲಿ ಕತೆ ಹೇಳ್ತಿದ್ಲು. ಅವಳಿಗೂ ಹಿಂದಿ ಪೂರ್ತಿ ಗೊತ್ತಿರಲಿಲ್ಲ ಅನ್ನೋದು ನನಗೆ ತಿಳಿದಿದ್ದು ಆಮೇಲೆ. ಅರ್ಥ ಆಗದ ಕಡೆಯೆಲ್ಲ ಅವಳೇ ಕತೆ ಕಟ್ತಿದ್ಲು. ದೇವತೆಗಳ ರಾಜ ಜ್ಯೂಸ್ ಅಂದಾಗ "ಮೋಸಂಬಿನಾ, ದಾಳಿಂಬೆನಾ?" ಅಂತ ನಾನು ಕೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ವಿ.

ಹೋದ ತಿಂಗಳು ಒಂದು ಭಾನುವಾರ ಅದೇ ಸಿನಿಮಾನ ಮತ್ತೆ ಇಬ್ಬರೂ ಕೂತು ನೋಡಿದ್ವಿ. ಅವಳು ಎರಡೇ ಎರಡು ಮಾತು ಆಡಿದ್ಲು. ಆ ಎರಡು ಮಾತಿನಿಂದ ನನ್ನ ನಿದ್ದೆ ಹಾಳಾಯ್ತು. ಅದಕ್ಕೇ ಈ ಸೀರೀಸ್.

2/10

ನೋಡದವರಿಗೆ ಕತೆ ಸಣ್ಣದಾಗಿ ಹೇಳಿಬಿಡ್ತೀನಿ. ನೋಡಿರೋರು ಮುಂದಿನ ಪೋಸ್ಟಿಗೆ ಹೋಗಿ.

ಒಬ್ಬ ಬಡ ಮೀನುಗಾರನಿಗೆ ಸಮುದ್ರದಲ್ಲಿ ಒಂದು ಪೆಟ್ಟಿಗೆ ಸಿಗುತ್ತೆ. ಒಳಗೆ ಸತ್ತ ತಾಯಿ, ಬದುಕಿರೋ ಮಗು. ಆ ಮಗುವೇ ಪರ್ಸಿಯಸ್. (ಕರ್ಣನ ನೆನಪಾಯ್ತಾ? ನನಗೂ ಆಯ್ತು.) ಅವನ ನಿಜವಾದ ಅಪ್ಪ ಜ್ಯೂಸ್. ಸಾಕಿದ್ದು ಮೀನುಗಾರ.

ಆರ್ಗೋಸ್ ಅನ್ನೋ ಊರಿನವರು ದೇವರುಗಳ ಮೇಲೆ ತಿರುಗಿ ಬಿದ್ದಿದ್ದಾರೆ. ಅಲ್ಲಿನ ಸೈನಿಕರು ಜ್ಯೂಸ್‌ನ ದೊಡ್ಡ ವಿಗ್ರಹವನ್ನ ಸಮುದ್ರಕ್ಕೆ ಉರುಳಿಸ್ತಾರೆ. ಪಾತಾಳದ ಒಡೆಯ ಹೇಡಿಸ್ ಸಿಟ್ಟಿನಿಂದ ಬಂದು ಅವರನ್ನ ಕೊಲ್ತಾನೆ, ಪಕ್ಕದಲ್ಲಿ ತನ್ನಷ್ಟಕ್ಕೆ ಇದ್ದ ಮೀನುಗಾರನ ದೋಣಿಯನ್ನೂ ಮುಳುಗಿಸ್ತಾನೆ. ಸಾಕಿದವರೆಲ್ಲ ಹೋದ್ರು, ಪರ್ಸಿಯಸ್ ಒಬ್ಬನೇ ಉಳಿದ.

ಆಮೇಲೆ ಅರಮನೆಯ ಔತಣ. ರಾಣಿ ಕ್ಯಾಸಿಯೋಪಿಯಾ ತನ್ನ ಮಗಳು ಆಂಡ್ರೊಮಿಡಾಳನ್ನ ಸೌಂದರ್ಯದ ದೇವತೆಗೇ ಹೋಲಿಸಿ ಜಂಬ ಕೊಚ್ಕೋತಾಳೆ. ಹೇಡಿಸ್ ಪ್ರತ್ಯಕ್ಷ. ಹತ್ತು ದಿನದಲ್ಲಿ ಮಗಳನ್ನ ಬಲಿ ಕೊಡಿ, ಇಲ್ಲಾಂದ್ರೆ ಕ್ರಾಕನ್ ಬಿಟ್ಟು ಊರನ್ನೇ ನಾಶ ಮಾಡ್ತೀನಿ ಅಂತಾನೆ.

ಕ್ರಾಕನ್ ತಡೆಯೋಕೆ ಇರೋ ದಾರಿ ಒಂದೇ, ಮೆಡೂಸಾಳ ತಲೆ. ಅದನ್ನ ತರೋಕೆ ಪರ್ಸಿಯಸ್ ಹೊರಡ್ತಾನೆ. ತರ್ತಾನೆ, ಗೆಲ್ತಾನೆ.

ಒಂದು ತಮಾಷೆ: ಕ್ರಾಕನ್ ಗ್ರೀಕರದ್ದೇ ಅಲ್ಲ. ಅದು ಉತ್ತರದ ನಾರ್ವೆ ಕಡೆಯ ಸಮುದ್ರದ ಕತೆಗಳಿಂದ ಬಂದ ಪ್ರಾಣಿ. ಹೆಸರಲ್ಲಿರೋ ಟೈಟನ್‌ಗಳ ಕಾಳಗವೂ ಸಿನಿಮಾದಲ್ಲಿ ಇಲ್ಲ. ಬೋರ್ಡಲ್ಲಿ ಬಿರಿಯಾನಿ, ಒಳಗೆ ಚಿತ್ರಾನ್ನ.

3/10

ಈಗ ರಾಜಕೀಯಕ್ಕೆ ಬರೋಣ. ಗಾಬರಿ ಆಗ್ಬೇಡಿ, ಪಾರ್ಟಿ ರಾಜಕೀಯ ಅಲ್ಲ.

ವಿಗ್ರಹ ಉರುಳಿಸೋ ಸೀನ್ ನೋಡುವಾಗ ನನಗೆ ಒಂದು ಹಳೇ ವಿಡಿಯೋ ನೆನಪಾಯ್ತು. 2003ರ ಏಪ್ರಿಲ್ 9, ಬಾಗ್ದಾದ್‌ನ ಫಿರ್ದೌಸ್ ಚೌಕ, ಸದ್ದಾಂ ಹುಸೇನ್ ಪ್ರತಿಮೆಯನ್ನ ಎಳೆದು ಕೆಡವಿದ ದಿನ. ನಿರ್ದೇಶಕರ ತಲೇಲಿ ಅದೇ ಇತ್ತು ಅಂತ ನಾನು ಹೇಳ್ತಿಲ್ಲ. ಆದ್ರೆ 2010ರಲ್ಲಿ ಅಮೆರಿಕದ ಥಿಯೇಟರಲ್ಲಿ ಕೂತವರು ಏಳು ವರ್ಷದ ಹಿಂದೆ ಟಿವಿಯಲ್ಲಿ ಆ ದೃಶ್ಯವನ್ನ ಎಷ್ಟೋ ಸಲ ನೋಡಿದವರೇ. "ಪ್ರತಿಮೆ ಬಿತ್ತು ಅಂದ್ರೆ ಸ್ವಾತಂತ್ರ್ಯ ಬಂತು" ಅನ್ನೋ ಭಾಷೆ ಅವರಿಗೆ ವಿವರಿಸಬೇಕಾಗಿರಲಿಲ್ಲ.

ಸಿನಿಮಾ ಒಂದು ಒಳ್ಳೆ ಕೆಲಸ ಮಾಡುತ್ತೆ. ವಿಗ್ರಹ ಉರುಳಿಸಿದ ಸೈನಿಕರನ್ನ ಅದು ಪೂರ್ತಿ ಹೀರೋಗಳು ಮಾಡಲ್ಲ. ಅವರ ಶೌರ್ಯದ ಬೆಲೆ ತೆತ್ತಿದ್ದು ಯಾರು? ದೋಣಿಯಲ್ಲಿದ್ದ ಮೀನುಗಾರನ ಕುಟುಂಬ. ದೊಡ್ಡವರು ಯುದ್ಧ ಸಾರ್ತಾರೆ, ಸಾಯೋದು ಪಕ್ಕದ ದೋಣಿಯವರು. ಈ ಒಂದು ಸೀನಿಗೆ ನಾನು ಫುಲ್ ಮಾರ್ಕ್ಸ್ ಕೊಡ್ತೀನಿ.

ಇನ್ನೊಂದು ಅಂಶ ಭಯ. ಇಲ್ಲಿ ದೇವರುಗಳ ಬಲ ನಿಂತಿರೋದು ಜನರ ಪ್ರಾರ್ಥನೆ ಮೇಲೆ. ಜನ ಕೈಮುಗಿಯೋದು ನಿಲ್ಲಿಸಿದ್ರೆ ದೇವರೇ ಸೊರಗಿ ಹೋಗ್ತಾನೆ. ಆಗ ಹೇಡಿಸ್ ಬಂದು ಜ್ಯೂಸ್‌ಗೆ ಒಂದು ಐಡಿಯಾ ಕೊಡ್ತಾನೆ: ನನ್ನನ್ನ ಅವರ ಮೇಲೆ ಬಿಡು, ಹೆದರಿಸ್ತೀನಿ, ಹೆದರಿದವರು ಓಡಿ ನಿನ್ನ ಕಾಲಿಗೇ ಬೀಳ್ತಾರೆ. ಜ್ಯೂಸ್ ಒಪ್ತಾನೆ. ಹೇಡಿಸ್‌ನ ಒಳಗುಟ್ಟು ಅವನಿಗೆ ಗೊತ್ತಿಲ್ಲ. ಹೇಡಿಸ್‌ಗೆ ಶಕ್ತಿ ಬರೋದು ಪ್ರಾರ್ಥನೆಯಿಂದ ಅಲ್ಲ, ನೇರವಾಗಿ ಭಯದಿಂದಲೇ.

ಅಂದ್ರೆ, ಹೆದರಿಸಿ ಆಳೋಣ ಅಂತ ಹೊರಟ ರಾಜ ಕೊನೆಗೆ ಹೆದರಿಸುವವನ ಕೈಗೇ ರಾಜ್ಯ ಕೊಟ್ಟು ಕೂರ್ತಾನೆ. ಇದನ್ನ ನಿಮಗೆ ಬೇಕಾದ ದೇಶಕ್ಕೆ ಹೊಂದಿಸ್ಕೊಳ್ಳಿ.

4/10

"ಪ್ರಾರ್ಥನೆ ಇಲ್ಲದಿದ್ರೆ ದೇವರಿಗೆ ಹಸಿವು" ಅನ್ನೋದು ಹಾಲಿವುಡ್ ಹುಟ್ಟುಹಾಕಿದ್ದು ಅಂತ ನಾನು ಅಂದ್ಕೊಂಡಿದ್ದೆ. ಅಲ್ಲ. ಕ್ರಿಸ್ತಪೂರ್ವ 414ರಲ್ಲೇ ಅಥೆನ್ಸ್‌ನಲ್ಲಿ ಅರಿಸ್ಟೋಫನೀಸ್ ಅನ್ನೋ ನಾಟಕಕಾರ ಇದೇ ವಿಷಯ ಇಟ್ಕೊಂಡು ಕಾಮಿಡಿ ಮಾಡಿದ್ದ. ನಾಟಕದ ಹೆಸರು 'ಹಕ್ಕಿಗಳು'.

ಹಕ್ಕಿಗಳು ಆಕಾಶದ ಮಧ್ಯೆ ಒಂದು ಊರು ಕಟ್ಟಿಬಿಡ್ತವೆ. ಭೂಮಿಯಿಂದ ದೇವರುಗಳಿಗೆ ಹೋಗ್ತಿದ್ದ ಬಲಿಯ ಹೊಗೆ ಅಲ್ಲೇ ಬಂದ್. ಮೇಲೆ ದೇವರುಗಳು ಉಪವಾಸ. ಸುದ್ದಿ ತಿಳಿಸೋಕೆ ಪ್ರಮೀಥಿಯಸ್ ಕದ್ದು ಬರ್ತಾನೆ, ಮೇಲಿನಿಂದ ಜ್ಯೂಸ್ ನೋಡಬಾರದು ಅಂತ ಛತ್ರಿ ಹಿಡ್ಕೊಂಡು! 2400 ವರ್ಷಕ್ಕಿಂತ ಹಳೇ ಜೋಕು, ಈಗಲೂ ನಗು ಬರುತ್ತೆ.

ಗ್ರೀಕರು ದೇವರನ್ನ ಗೇಲಿ ಮಾಡ್ತಿದ್ರು, ಹಾಗಂತ ಪೂಜೆ ಬಿಡ್ತಿರಲಿಲ್ಲ. ಅವರ ಪೂಜೆ ಒಂಥರಾ ಕೊಡು-ಕೊಳ್ಳು. ನಾನು ನಿನಗೆ ಬಲಿ ಕೊಟ್ಟಿದ್ದೀನಿ, ನೀನು ನನಗೆ ಬೆಳೆ ಕೊಡು, ಗೆಲುವು ಕೊಡು. ನೀನು ಕೊಟ್ಟೆ, ಅದಕ್ಕೆ ನಾನು ಮತ್ತೆ ಕೊಡ್ತೀನಿ. ಬಿ.ಕಾಂ. ಭಾಷೆಯಲ್ಲಿ ಹೇಳಿದ್ರೆ ಎರಡೂ ಕಡೆ ಖಾತೆ ತೆರೆದಿರುತ್ತೆ, ಯಾವತ್ತೂ ಕ್ಲೋಸ್ ಆಗಲ್ಲ.

2010ರ ಸಿನಿಮಾ ಈ ಖಾತೆಯನ್ನೇ ಅವಮಾನ ಅಂತ ನೋಡುತ್ತೆ. ಯಾರಿಗಾದ್ರೂ ಋಣಿ ಆಗಿರೋದು ಅಂದ್ರೆ ಗುಲಾಮ ಆಗಿರೋದು. ಯಾರ ಹಂಗೂ ಇಲ್ಲದವನೇ ನಿಜವಾದ ಗಂಡಸು. ಇಡೀ ಸಿನಿಮಾ ಈ ಒಂದು ನಂಬಿಕೆ ಮೇಲೆ ಓಡುತ್ತೆ. ಇದು ಗ್ರೀಸ್‌ನದ್ದಲ್ಲ, ನಮ್ಮ ಕಾಲದ್ದು. ಗ್ರೀಕ್ ಬಟ್ಟೆ ಹಾಕ್ಕೊಂಡು ಬಂದಿರೋದ್ರಿಂದ ನಮಗೆ ಗೊತ್ತಾಗಲ್ಲ, ಅಷ್ಟೇ.

5/10

ಆ ನಂಬಿಕೆ ಚೆನ್ನಾಗಿ ಕಾಣೋದು ಕತ್ತಿಯ ಸೀನಿನಲ್ಲಿ.

ಕಾಡಿನಲ್ಲಿ ಪರ್ಸಿಯಸ್‌ಗೆ ಒಂದು ಮಾಯಾ ಕತ್ತಿ ಸಿಗುತ್ತೆ. ಅಪ್ಪ ಜ್ಯೂಸ್ ಕಳಿಸಿದ್ದು. ರೆಕ್ಕೆ ಇರೋ ಕುದುರೆ ಪೆಗಾಸಸ್ ಕೂಡ ಎದುರಿಗೇ ಬಂದು ನಿಲ್ಲುತ್ತೆ. ಎರಡೂ ಬೇಡ ಅಂತಾನೆ. ದೇವರ ಮಗನಾಗಿ ಅಲ್ಲ, ಮನುಷ್ಯನಾಗಿ ಗೆಲ್ತೀನಿ ಅನ್ನೋದು ಅವನ ಹಟ. ಜೊತೆಗಿರೋ ಸೈನಿಕರು ಚೇಳುಗಳ ಬಾಯಲ್ಲಿ ಸಾಯ್ತಿದ್ದಾರೆ, ಇವನ ಹಟ ಮಾತ್ರ ಬಿಡಲ್ಲ.

ಒಂಬತ್ತು ವರ್ಷದವನಾಗಿದ್ದಾಗ ನನಗೆ ಆ ಸೀನ್ ಅಂದ್ರೆ ಪ್ರಾಣ. ಸ್ಕೇಲ್ ಹಿಡ್ಕೊಂಡು ಮನೆ ತುಂಬಾ ಓಡಾಡಿ "ನಂಗೆ ಯಾರ್ದೂ ಬೇಡ" ಅಂತ ಕಿರುಚ್ತಿದ್ದೆ.

ಈ ಸಲ ಅದೇ ಸೀನ್ ಬಂದಾಗ ಅಕ್ಕ ಕಡಲೆಕಾಯಿ ಸುಲೀತಾ ಹೇಳಿದ್ಲು, "ಬೇಡ ಬೇಡ ಅಂತಾನೆ, ಕೊನೆಗೆ ಅದೇ ಕತ್ತಿ ತಗೋತಾನೆ ನೋಡು." ಅದು ಅವಳ ಮೊದಲ ಮಾತು.

ನಿಜ ಕಣ್ರಪ್ಪ. ಕೊನೆಗೆ ಅದೇ ಕತ್ತಿ. ಅದೇ ಕುದುರೆ ಹತ್ತಿ ಆರ್ಗೋಸ್‌ಗೆ ಹಾರ್ತಾನೆ. ಹೇಡಿಸ್‌ನ ಪಾತಾಳಕ್ಕೆ ತಳ್ಳೋದೂ ಅಪ್ಪನ ಸಿಡಿಲು ತುಂಬಿದ ಅದೇ ಕತ್ತಿಯಿಂದ. ಆದ್ರೂ ಸಿನಿಮಾ ಮುಗಿಯೋ ಹೊತ್ತಿಗೆ ನಮ್ಮ ತಲೇಲಿ ಉಳಿಯೋದು ಏನು? "ಒಬ್ಬನೇ ಮನುಷ್ಯ ದೇವರುಗಳನ್ನ ಎದುರಿಸಿ ಗೆದ್ದ."

ಈಗ ಒಂದು ತಪ್ಪೊಪ್ಪಿಗೆ. ನನ್ನ ಹಳೇ ಫಾಲೋವರ್ಸ್‌ಗೆ ನೆನಪಿರುತ್ತೆ. ನಾಲ್ಕನೇ ಸೆಮಿಸ್ಟರ್ ರಿಸಲ್ಟ್ ಬಂದ ದಿನ ನಾನು ಮಾರ್ಕ್ಸ್ ಕಾರ್ಡ್ ಫೋಟೋ ಹಾಕಿ ಬರೆದಿದ್ದೆ: "ಸೆಲ್ಫ್ ಮೇಡ್. ಯಾರ ಹಂಗೂ ಇಲ್ಲ." ಬಯೋದಲ್ಲೂ ಅದೇ. 312 ಲೈಕ್. ಅದರಲ್ಲಿ ಮೊದಲ ಲೈಕ್ ಅಕ್ಕಂದು.

6/10

ಭಾನುವಾರ ರಾತ್ರಿ ನಿದ್ದೆ ಬರಲಿಲ್ಲ. ಹಳೇ ಗ್ರೀಕ್ ಕತೆಯಲ್ಲಿ ಪರ್ಸಿಯಸ್ ಏನು ಮಾಡಿದ್ದ ಅಂತ ಹುಡುಕಿ ಓದಿದೆ. ಈ ಪೋಸ್ಟ್ ಗಮನವಿಟ್ಟು ಓದಿ, ನನಗೆ ಇಡೀ ಸೀರೀಸಲ್ಲಿ ಇಷ್ಟ ಆಗಿದ್ದು ಇದೇ.

ಹಳೇ ಕತೆಯ ಪರ್ಸಿಯಸ್‌ಗೆ ಯಾರ ಸಹಾಯವೂ ಬೇಡ ಅನ್ನೋ ಜಂಬ ಇಲ್ಲವೇ ಇಲ್ಲ. ಅವನು ಪಕ್ಕಾ ಎರವಲು ಗಿರಾಕಿ. ಹರ್ಮೀಸ್ ಕೊಟ್ಟ ಕುಡುಗೋಲಿನಂಥ ಆಯುಧ. ಹಾರೋಕೆ ರೆಕ್ಕೆಯ ಪಾದರಕ್ಷೆ. ಕಣ್ಣಿಗೆ ಕಾಣದ ಹಾಗೆ ಮಾಡೋ ಹೇಡಿಸ್‌ನ ಟೋಪಿ. ತಲೆ ಹಾಕ್ಕೊಳ್ಳೋಕೆ ಒಂದು ವಿಶೇಷ ಚೀಲ. ಮೆಡೂಸಾಳನ್ನ ನೇರ ನೋಡಿದ್ರೆ ಕಲ್ಲಾಗ್ತಾನಲ್ಲ, ಆಗ ಅವನ ಕೈ ಹಿಡಿದು ಗುರಿ ತೋರಿಸಿದವಳು ಅಥೀನಾ ದೇವಿ. ಪೆಗಾಸಸ್ ಮಾತ್ರ ಅವನಿಗೆ ಯಾರೂ ಕೊಟ್ಟಿದ್ದಲ್ಲ. ಆ ಕುದುರೆ ಹುಟ್ಟಿದ್ದೇ ಮೆಡೂಸಾ ಸತ್ತಾಗ ಅವಳ ದೇಹದಿಂದ, ಆಮೇಲೆ ಅದನ್ನ ಏರಿದ ವೀರ ಬೆಲ್ಲೆರೊಫಾನ್.

ಕೆಲಸ ಮುಗಿದ ಮೇಲೆ? ಅಪೊಲೊಡೋರಸ್ ಹೆಸರಿನಲ್ಲಿ ಉಳಿದಿರೋ ಪುರಾಣ ಸಂಗ್ರಹದಲ್ಲಿ ಇದು ಸ್ಪಷ್ಟವಾಗಿದೆ. ಪರ್ಸಿಯಸ್ ಪಾದರಕ್ಷೆ, ಚೀಲ, ಟೋಪಿ ಮೂರನ್ನೂ ಹರ್ಮೀಸ್‌ಗೆ ವಾಪಸ್ ಕೊಡ್ತಾನೆ. ಮೆಡೂಸಾಳ ತಲೆಯನ್ನ ಅಥೀನಾಗೆ ಕೊಡ್ತಾನೆ.

ವಾಪಸ್ ಕೊಡ್ತಾನೆ!

ಇದೇ ಹೆಸರಿನ ಸಿನಿಮಾ 1981ರಲ್ಲೂ ಬಂದಿತ್ತು. ಈ ಹೊಸದು ಅದರದ್ದೇ ರೀಮೇಕ್. ಗೊಂಬೆಗಳನ್ನ ಒಂದೊಂದೇ ಫ್ರೇಮ್ ಅಲುಗಾಡಿಸಿ ರಾಕ್ಷಸರಿಗೆ ಜೀವ ಕೊಡ್ತಿದ್ದ ರೇ ಹ್ಯಾರಿಹೌಸೆನ್ ಅವರ ಕೊನೆಯ ದೊಡ್ಡ ಸಿನಿಮಾ ಅದು. ಅದರಲ್ಲಿ ದೇವತೆಗಳು ಕೊಟ್ಟ ಕತ್ತಿ, ಗುರಾಣಿ, ಶಿರಸ್ತ್ರಾಣಗಳನ್ನ ಪರ್ಸಿಯಸ್ ಖುಷಿಯಿಂದ ತಗೋತಾನೆ. ಸಹಾಯಕ್ಕೆ ಬೂಬೋ ಅನ್ನೋ ಲೋಹದ ಗೂಬೆಯೂ ಇರುತ್ತೆ. 2010ರಲ್ಲಿ ಆ ಗೂಬೆ ಒಂದು ಕ್ಷಣ ಬರುತ್ತೆ. ಪರ್ಸಿಯಸ್ ಕೈಗೆತ್ತಿಕೊಂಡು ಏನಿದು ಅಂತಾನೆ, ಇಲ್ಲೇ ಬಿಟ್ಟು ಬಾ ಅಂತಾರೆ. ಜೋಕ್ ಮುಗೀತು.

ಸಾಲಾಗಿ ಇಟ್ಟು ನೋಡಿ. ಹಳೇ ಗ್ರೀಕರ ಹೀರೋ ಇಸ್ಕೊಂಡ, ವಾಪಸ್ ಕೊಟ್ಟ. 1981ರ ಹೀರೋ ಇಸ್ಕೊಂಡ. 2010ರ ಹೀರೋ ಬೇಡ ಅಂದ, ಆಮೇಲೆ ಬಳಸಿದ, ಕ್ರೆಡಿಟ್ ಪೂರ್ತಿ ತಾನೇ ತಗೊಂಡ. ಪ್ರತಿ ಕಾಲವೂ ತನಗೆ ಬೇಕಾದ ಪರ್ಸಿಯಸ್‌ನ ಮಾಡ್ಕೊಳ್ಳುತ್ತೆ. ನಮ್ಮ ಕಾಲ ಮಾಡ್ಕೊಂಡಿದ್ದು ಇವನನ್ನ.

7/10

ಪಿಯುಸಿಯಲ್ಲಿ ಕಾಮರ್ಸ್ ತಗೊಂಡವರಿಗೆ ಮೊದಲ ತಿಂಗಳೇ ಬಾಯಿಪಾಠ ಮಾಡಿಸ್ತಾರಲ್ಲ, ಪರ್ಸನಲ್ ಅಕೌಂಟ್ ರೂಲ್: ತಗೊಂಡವರನ್ನ ಡೆಬಿಟ್ ಮಾಡು, ಕೊಟ್ಟವರನ್ನ ಕ್ರೆಡಿಟ್ ಮಾಡು. ಆ ರೂಲ್ ಇಟ್ಕೊಂಡು ಈ ಸಿನಿಮಾದ ಲೆಕ್ಕ ಬರೆಯೋಣ. ಪರ್ಸಿಯಸ್‌ಗೆ ಯಾರ್ಯಾರು ಏನೇನು ಕೊಟ್ರು?

ಸಾಕಿದ ಮೀನುಗಾರ: ಬದುಕು, ಊಟ, ಮನೆ. ಸತ್ತ.

ಡ್ರಾಕೋ, ಸೇನೆಯ ನಾಯಕ: ಕತ್ತಿ ಹಿಡಿಯೋದನ್ನ ಕಲಿಸಿದವನು. ಮೆಡೂಸಾಳ ಗುಹೆಯಲ್ಲಿ ಸತ್ತ. ಅವನ ಸೈನಿಕರೂ ಅಲ್ಲೇ.

ಮರುಭೂಮಿಯ ಜಿನ್, ಹೆಸರು ಸುಲೇಮಾನ್: ಪರ್ಸಿಯಸ್‌ನ ಗಾಯ ವಾಸಿ ಮಾಡಿದವನು. ಮೆಡೂಸಾಳ ಎದುರು ತನ್ನನ್ನ ತಾನೇ ಸ್ಫೋಟಿಸಿಕೊಂಡ. (ಜಿನ್ ಗ್ರೀಕರವನಲ್ಲ, ಅರಬ್ ಕತೆಗಳವನು. ಇರಾಕ್ ಯುದ್ಧದ ಕಾಲದ ಅಮೆರಿಕನ್ ಸಿನಿಮಾದಲ್ಲಿ ಅರಬ್ ಥರ ಕಾಣೋ ಒಬ್ಬ ಒಳ್ಳೆಯವನು ಬಂದ ಅಂತ ಖುಷಿಪಡೋಷ್ಟರಲ್ಲಿ ಅವನಿಗೆ ಕೊಟ್ಟ ಕೆಲಸ ನೋಡಿ, ಮೈಯನ್ನೇ ಬಾಂಬ್ ಮಾಡ್ಕೊಳ್ಳೋದು.)

ಅಯೋ: ಹುಟ್ಟಿದಾಗಿನಿಂದ ಪರ್ಸಿಯಸ್‌ನ ಕಾದವಳು, ದಾರಿ ತೋರಿಸಿದವಳು, ಮೆಡೂಸಾಳನ್ನ ಹೇಗೆ ಎದುರಿಸಬೇಕು ಅಂತ ಹೇಳಿಕೊಟ್ಟವಳು. ಗುಹೆಯ ಬಾಗಿಲಲ್ಲೇ ಹೊರಗೆ ನಿಂತಳು. ಇವನು ತಲೆ ಹಿಡ್ಕೊಂಡು ಆಚೆ ಬಂದಾಗ ಅವಳಿಗೆ ಇರಿತ. ಸತ್ತಳು. ಆಮೇಲೆ ಜ್ಯೂಸ್ ಅವಳನ್ನ ಬದುಕಿಸಿ ಮಗನಿಗೆ ಬಹುಮಾನದ ಥರ ಕಳಿಸ್ತಾನೆ. ಹಳೇ ವಂಶಾವಳಿ ನೋಡಿದ್ರೆ ಅಯೋ ಪರ್ಸಿಯಸ್‌ನ ಎಷ್ಟೋ ತಲೆಮಾರು ಹಿಂದಿನ ಮುತ್ತಜ್ಜಿ! ಸ್ಕ್ರಿಪ್ಟ್ ಬರೆದವರು ಅಷ್ಟು ತಲೆ ಕೆಡಿಸ್ಕೊಂಡಿಲ್ಲ.

ಕ್ರೆಡಿಟ್ ಬರೀಬೇಕಾದ ಹೆಸರುಗಳು ಇಷ್ಟು. ಪುಸ್ತಕದಲ್ಲಿ ಬರೆದಿರೋ ಹೆಸರು ಒಂದೇ. ಯಾವ ಆಡಿಟರ್ ಸೈನ್ ಹಾಕ್ತಾನೆ ಹೇಳಿ?

ಥಿಯೇಟರಿನ ಲೆಕ್ಕ ಮಾತ್ರ ಸರಿಯಾಗೇ ಇತ್ತು ಬಿಡಿ. ಸುಮಾರು 12.5 ಕೋಟಿ ಡಾಲರ್ ಬಜೆಟ್, ಪ್ರಪಂಚದಾದ್ಯಂತ ಸುಮಾರು 49 ಕೋಟಿ ಡಾಲರ್ ಕಲೆಕ್ಷನ್. ಶೂಟಿಂಗ್ ಮುಗಿದ ಮೇಲೆ ಆತುರದಲ್ಲಿ 3ಡಿಗೆ ತಿರುಗಿಸಿದ್ರು ಅಂತ ವಿಮರ್ಶಕರು ಬೈದ್ರು, ಜನ ಆದ್ರೂ ನೋಡಿದ್ರು. ಯಾರ ಹಂಗೂ ಇಲ್ಲದ ಹೀರೋ ಮಾರಾಟ ಆಗ್ತಾನೆ.

8/10

ಅಕ್ಕನ ಎರಡನೇ ಮಾತು ಬಂದಿದ್ದು ಕ್ಲೈಮ್ಯಾಕ್ಸಲ್ಲಿ. ಆಂಡ್ರೊಮಿಡಾಳನ್ನ ಸಮುದ್ರದ ಮೇಲೆ ಕಟ್ಟಿ ನೇತು ಹಾಕಿದ್ದಾರೆ. ಕಟ್ಟಿದ್ದು ಶತ್ರುಗಳಲ್ಲ, ಅವಳದೇ ಊರಿನ ಜನ. ಕೆಳಗಿಂದ ಕ್ರಾಕನ್ ಏಳ್ತಿದೆ. ನಾನು ಗ್ರಾಫಿಕ್ಸ್ ನೋಡ್ತಿದ್ದೆ. ಅಕ್ಕ ಕೇಳಿದ್ಲು, "ಜಂಬದ ಮಾತಾಡಿದ್ದು ಅವರಮ್ಮ ಅಲ್ವೇನೋ? ಇವಳನ್ಯಾಕೋ ಕಟ್ಟಿರೋದು?"

ನನ್ನ ಹತ್ರ ಉತ್ತರ ಇರಲಿಲ್ಲ.

ಇಲ್ಲಿ ಹಳೇ ಗ್ರೀಕ್ ಕತೆಯೂ ನಮ್ಮನ್ನ ಕಾಪಾಡಲ್ಲ. ಅಲ್ಲೂ ಅಮ್ಮ ಜಂಬ ಕೊಚ್ಚಿದ್ಲು, ಮಗಳನ್ನ ಬಂಡೆಗೆ ಕಟ್ಟಿದ್ರು. ಅಲ್ಲಿ ಅವಳು ಆರ್ಗೋಸ್‌ನವಳಲ್ಲ, ಇಥಿಯೋಪಿಯಾದ ರಾಜಕುಮಾರಿ. ರೋಮನ್ ಕವಿ ಓವಿಡ್ ಒಂದು ಕಡೆ ಅವಳನ್ನ ಕಪ್ಪು ಬಣ್ಣದವಳು ಅಂತಲೇ ಹೇಳ್ತಾನೆ. 1981ರಲ್ಲೂ 2010ರಲ್ಲೂ ಪಾತ್ರ ಸಿಕ್ಕಿದ್ದು ಬಿಳಿ ನಟಿಯರಿಗೆ. ಫೇರ್‌ನೆಸ್ ಕ್ರೀಮ್ ಜಾಹೀರಾತು ನೋಡಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯ ಏನಿಲ್ಲ.

ಮೆಡೂಸಾಳ ಲೆಕ್ಕ ಇನ್ನೂ ಕೆಟ್ಟದು. ಓವಿಡ್ ಹೇಳೋ ಪ್ರಕಾರ ಅವಳು ಸುಂದರವಾದ ಕೂದಲಿದ್ದ ಹುಡುಗಿ. ಸಮುದ್ರದ ದೇವರು ಗುಡಿಯೊಳಗೇ ಅವಳ ಮೇಲೆ ಅತ್ಯಾಚಾರ ಮಾಡಿದ. ಗುಡಿಯ ದೇವಿಗೆ ಸಿಟ್ಟು ಬಂತು. ಶಿಕ್ಷೆ ಯಾರಿಗೆ? ಆ ಹುಡುಗಿಗೆ. ಕೂದಲೆಲ್ಲ ಹಾವಾಯ್ತು. ಈ ಸಿನಿಮಾದಲ್ಲೂ ಅವಳ ಹಿಂದಿನ ಕತೆ ಬರುತ್ತೆ, ಕೆಲವು ಸೆಕೆಂಡು. ಆಮೇಲೆ ಅವಳನ್ನ ಬೇಟೆ ಆಡೋದಕ್ಕೆ ಎಷ್ಟು ನಿಮಿಷ ಕೊಟ್ಟಿದ್ದಾರೆ ಅಂತ ನೀವೇ ನೋಡಿ.

ಸಿನಿಮಾ ದೇವರುಗಳ ವಿರುದ್ಧ ಬಂಡಾಯ ಮಾಡುತ್ತೆ. "ತಪ್ಪು ಒಬ್ಬರದು, ದಂಡ ಮನೆಯ ಹುಡುಗಿಯದು" ಅನ್ನೋ ಪದ್ಧತಿ ವಿರುದ್ಧ ಮಾತ್ರ ಮಾಡಲ್ಲ. ಆಂಡ್ರೊಮಿಡಾ ಬದುಕ್ತಾಳೆ ಸರಿ. ಹಗ್ಗ ಕಟ್ಟಿದವರು ಅವಳ ಹತ್ರ ಕ್ಷಮೆ ಕೇಳೋ ಒಂದು ಸೀನ್ ನನ್ನ ಮನಸ್ಸಲ್ಲಿ ಉಳಿಯೋ ಹಾಗೆ ಬರಲೇ ಇಲ್ಲ.

9/10

ಈಗ ನಮ್ಮ ಮನೆ ಲೆಕ್ಕ. ಅಕ್ಕನ ಪರ್ಮಿಷನ್ ತಗೊಂಡೇ ಬರೀತಿದ್ದೀನಿ.

ನಮ್ಮದು ತಿಪಟೂರು ಕಡೆ. ಅಪ್ಪ ಕೊಬ್ಬರಿ ವ್ಯಾಪಾರದಲ್ಲಿ ಸಣ್ಣಪುಟ್ಟ ಕೆಲಸ ಮಾಡ್ತಾರೆ. ಏಳು ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ನೆಂಟರೆಲ್ಲ ಕೂತಿದ್ದಾಗ ಚಿಕ್ಕಪ್ಪನ ಸಾಲದ ಮಾತು ಬಂತು. ಅಪ್ಪ ಎದೆ ಉಬ್ಬಿಸಿ, "ಅವನಿಗೆ ನಾನಿದ್ದೀನಿ, ಬರ್ಕೊಳ್ಳಿ" ಅಂದ್ರು. ಜಾಮೀನಿಗೆ ಸಹಿ ಹಾಕಿದ್ರು. ಅಪ್ಪನ ತಪ್ಪು ಅಂತ ನಾನು ಹೇಳಲ್ಲ, ತಮ್ಮನ ಮೇಲಿನ ಪ್ರೀತಿ ಅದು. ಸ್ವಲ್ಪ ಜಂಬವೂ ಇತ್ತು, ನಾಲ್ಕು ಜನರ ಎದುರು ದೊಡ್ಡವನಾಗೋ ಆಸೆ. ಚಿಕ್ಕಪ್ಪನ ಕೈಲಿ ಕಟ್ಟೋಕಾಗಲಿಲ್ಲ. ಸಾಲ ನಮ್ಮ ಮನೆ ಬಾಗಿಲಿಗೆ ಬಂತು.

ಅದೇ ವರ್ಷ ಅಕ್ಕ ಸೆಕೆಂಡ್ ಪಿಯುಸಿ ಮುಗಿಸಿದ್ಲು. ಕಾಮರ್ಸ್, 92 ಪರ್ಸೆಂಟ್. ಸಿ.ಎ. ಮಾಡಬೇಕು ಅಂತ ಗೋಡೆಗೆ ಟೈಮ್ ಟೇಬಲ್ ಅಂಟಿಸಿದ್ಲು. ಒಂದು ರಾತ್ರಿ ಅಪ್ಪ ಅಮ್ಮ ಅಡುಗೆಮನೆಯಲ್ಲಿ ಪಿಸುಪಿಸು ಮಾತಾಡಿದ್ರು. ಮರುವಾರ ಅಕ್ಕ ಒಂದು ಮಂಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿದ್ಲು. ಅವಳು ಅಳಲಿಲ್ಲ. ಟೈಮ್ ಟೇಬಲ್ ಗೋಡೆ ಮೇಲೆ ಹಾಗೇ ಇತ್ತು. ಎರಡು ವರ್ಷ ಆದ ಮೇಲೆ ಸುಣ್ಣ ಹೊಡೆಯುವಾಗ ನಾನೇ ಕಿತ್ತು ಹಾಕಿದೆ.

ಆಗ ನನಗೆ ಹದಿಮೂರು. ಅವಳ ಸಂಬಳದಲ್ಲಿ ಮೊದಲು ಸಾಲ ತೀರ್ತು, ಆಮೇಲೆ ನನ್ನ ಪಿಯುಸಿ ಫೀಸು, ಆಮೇಲೆ ಬಿ.ಕಾಂ. ಫೀಸು, ನಾನು ಈ ಪೋಸ್ಟ್ ಟೈಪ್ ಮಾಡ್ತಿರೋ ಫೋನು. ನನಗೆ ಟ್ಯಾಲಿ ಹೇಳಿಕೊಟ್ಟವಳೂ ಅವಳೇ. ಡಿಪ್ರಿಸಿಯೇಷನ್ ಲೆಕ್ಕ ತಲೆಗೆ ಹೋಗದೆ ಇದ್ದಾಗ ಮಂಡಿಯಿಂದ ಸುಸ್ತಾಗಿ ಬಂದು ರಾತ್ರಿ ಹತ್ತರವರೆಗೆ ಕೂತವಳು.

ಇಷ್ಟಾದ ಮೇಲೆ ನಾನು ಬರ್ಕೊಂಡೆ: ಸೆಲ್ಫ್ ಮೇಡ್, ಯಾರ ಹಂಗೂ ಇಲ್ಲ.

ಅವಳು ಸಿನಿಮಾ ನೋಡುವಾಗ ನನ್ನನ್ನ ಚುಚ್ಚೋಕೆ ಆ ಮಾತು ಆಡಲಿಲ್ಲ. ಅದು ನನಗೆ ಖಂಡಿತ ಗೊತ್ತು. ಕಡಲೆಕಾಯಿ ತಿಂತಾ ಸಿನಿಮಾದ ಬಗ್ಗೆ ಅನ್ನಿಸಿದ್ದು ಹೇಳಿದ್ಲು, ಅಷ್ಟೇ. ಚುಚ್ಚಿದ್ರೆ ನಾನು ಜಗಳ ಆಡಿ ಮರೆತುಬಿಡ್ತಿದ್ದೆ. ಚುಚ್ಚಲಿಲ್ಲ, ಅದಕ್ಕೇ ಮರೆಯೋಕಾಗ್ತಿಲ್ಲ.

10/10

ಸಿನಿಮಾದ ಕೊನೆಯಲ್ಲಿ ಆಂಡ್ರೊಮಿಡಾ ಪರ್ಸಿಯಸ್‌ನ ಆರ್ಗೋಸ್‌ಗೆ ರಾಜನಾಗು ಅಂತಾಳೆ. ಬೇಡ ಅಂತಾನೆ. ಜ್ಯೂಸ್ ದೇವರಾಗು ಅಂತಾನೆ. ಅದೂ ಬೇಡ. ನೋಡಿದವರು ಎಂಥ ತ್ಯಾಗ ಅಂತಾರೆ. ಹಳೇ ಕತೆಯಲ್ಲಿ ಅವನು ಆಂಡ್ರೊಮಿಡಾಳನ್ನ ಮದುವೆ ಆಗ್ತಾನೆ, ರಾಜ್ಯ ಆಳ್ತಾನೆ, ಮಕ್ಕಳನ್ನ ಬೆಳೆಸ್ತಾನೆ. ತಗೊಂಡಿದ್ದಕ್ಕೆ ಜವಾಬ್ದಾರಿ ಹೊರ್ತಾನೆ. ಎರಡರಲ್ಲಿ ಯಾವುದು ದೊಡ್ಡತನ? ನನಗೆ ಮೊದಲು ಅನುಮಾನವೇ ಇರಲಿಲ್ಲ, ಈಗ ಎರಡನೆಯದು ಕಷ್ಟದ ಕೆಲಸ ಅನ್ನಿಸ್ತಿದೆ.

ಸಿನಿಮಾ ನೋಡ್ಬೇಡಿ ಅಂತ ನಾನು ಹೇಳ್ತಿಲ್ಲ. ನೋಡಿ, ಚೇಳುಗಳ ಫೈಟ್ ಈಗಲೂ ಸಖತ್. ಪ್ರಶ್ನೆ ಕೇಳದ ಅಧಿಕಾರಕ್ಕೆ ತಲೆ ಬಾಗಬೇಡ ಅನ್ನೋ ಅದರ ಮಾತೂ ನನಗೆ ಇಷ್ಟ. ಹೆದರಿಸೋ ದೇವರಿಗೆ ಹಂಗಾಗೋದು ಬೇರೆ, ಪ್ರೀತಿಯಿಂದ ಕೊಟ್ಟವರಿಗೆ ಋಣಿಯಾಗಿರೋದು ಬೇರೆ. ಆ ಸಿನಿಮಾ ಎರಡನ್ನೂ ಒಂದೇ ಮೂಟೆಗೆ ಕಟ್ಟಿ ಸಮುದ್ರಕ್ಕೆ ಎಸೆಯುತ್ತೆ. ನಾನೂ ಎಸೆದಿದ್ದೆ.

ಬಯೋ ಬದಲಾಯಿಸಿದ್ದೀನಿ, ಹೋಗಿ ನೋಡಿ. ಹಳೇ ಮಾರ್ಕ್ಸ್ ಕಾರ್ಡ್ ಪೋಸ್ಟ್ ಡಿಲೀಟ್ ಮಾಡಿಲ್ಲ, ಅದರ ಕೆಳಗೆ ತಿದ್ದುಪಡಿ ಬರೆದಿದ್ದೀನಿ. ಲೆಕ್ಕದ ಪುಸ್ತಕದಲ್ಲಿ ತಪ್ಪು ಎಂಟ್ರಿ ಅಳಿಸಬಾರದು, ಸರಿ ಎಂಟ್ರಿ ಹಾಕಿ ತಿದ್ದಬೇಕು ಅಂತ ಹೇಳಿಕೊಟ್ಟವಳೂ ಅಕ್ಕನೇ.

ಮುಕ್ತ ವಿಶ್ವವಿದ್ಯಾನಿಲಯದ ಬಿ.ಕಾಂ. ಅರ್ಜಿ ತಂದು ಅವಳ ಮುಂದೆ ಇಟ್ಟೆ. ನಾನು ಭಾನುವಾರಗಳಲ್ಲಿ ಕೇಟರಿಂಗ್ ಕೆಲಸಕ್ಕೆ ಹೋಗಿ ಕೂಡಿಟ್ಟ ದುಡ್ಡಲ್ಲಿ ಮೊದಲ ವರ್ಷದ ಫೀಸು ಅರ್ಧ ಆಗುತ್ತೆ. ಅವಳು ಅರ್ಜಿ ತಿರುಗಿಸಿ ಮುರುಗಿಸಿ ನೋಡಿದ್ಲು. "ಈ ವಯಸ್ಸಲ್ಲಿ ಏನಕ್ಕೋ?" ಅಂದ್ಲು. ವಯಸ್ಸು ಇಪ್ಪತ್ತೈದು ಅವಳಿಗೆ. ಆಮೇಲೆ, "ಸರಿ, ಸಾಲ ಅಂತ ಬರ್ಕೋ. ವಾಪಸ್ ಕೊಡ್ತೀನಿ" ಅಂದ್ಲು.

"ಇದು ಸಾಲ ಅಲ್ಲ ಅಕ್ಕ, ನಾನು ತೀರಿಸ್ತಿರೋದು" ಅಂದೆ.

"ಹೌದಾ? ಬ್ಯಾಲೆನ್ಸ್ ಎಷ್ಟಿದೆ ಗೊತ್ತಾ ನಿಂಗೆ?" ಅಂತ ನಕ್ಕಳು. ಅರ್ಜಿ ಇನ್ನೂ ತುಂಬಿಲ್ಲ. ಟಿವಿ ಪಕ್ಕದಲ್ಲಿ ಇಟ್ಟಿದ್ದಾಳೆ. ಬಿಸಾಕಿಲ್ಲ, ಅಷ್ಟು ಸಾಕು ಸದ್ಯಕ್ಕೆ.

ಈ ಸೀರೀಸ್ ಪೋಸ್ಟ್ ಮಾಡೋ ಮೊದಲು ಅವಳಿಗೆ ಓದೋಕೆ ಕೊಟ್ಟೆ. ಒಂದೇ ಒಂದು ತಿದ್ದಿದ್ಲು: "91 ಅಂತ ಬರ್ದಿದ್ದೀಯ, ನಂದು 92."

ಈಗ ನಿಮ್ಮ ಸರದಿ. ನಿಮ್ಮ ಕೈಲಿರೋ ಕತ್ತಿ ಯಾರು ಕೊಟ್ಟಿದ್ದು? ಕಾಮೆಂಟಲ್ಲಿ ಬರೀರಿ. ಬರೆಯೋಕೆ ಮುಜುಗರ ಆದ್ರೆ ಫೋನ್ ಕೆಳಗಿಟ್ಟು ಅವರಿಗೇ ಹೋಗಿ ಹೇಳಿ.

#ಸಿನಿಮಾಮಾತು #ಗ್ರೀಕ್‌ಪುರಾಣ #ಕೊಟ್ಟವರನ್ನಕ್ರೆಡಿಟ್‌ಮಾಡು #ಅಕ್ಕ